ಕಡಲ ದಂಡೆಯ ಅತಿಥಿ

ಅತಿಥಿ ಎಂಬ ಮಾತಿಗೆ ನಮ್ಮ ಹಿರಿಯರು ಹೇಳುತ್ತ ಬಂದ ಅರ್ಥ ಬಹಳ ಸೊಗಸಾದದ್ದು. ತಿಥಿ ಇಲ್ಲದವನು ಅತಿಥಿ. ಇಂಥ ದಿನ ಬರುತ್ತೇನೆಂದು ತಿಳಿಸದೆ, ಇಂಥ ದಿನ ಹೊರಡುತ್ತೇನೆಂಬ ಕರಾರೂ ಇಲ್ಲದೆ ಬಾಗಿಲಿಗೆ ಬಂದು ನಿಂತವನು. ಭಾಷಾಶಾಸ್ತ್ರಜ್ಞರು ಈ ಪದವನ್ನು ಅಲೆದಾಟವನ್ನು ಸೂಚಿಸುವ ಧಾತುವಿನಿಂದ ಸಾಧಿಸುವುದೂ ಉಂಟು. ಹೇಗೇ ಇರಲಿ, ಹೇಳದೆ ಬಂದವನು ಅತಿಥಿ, ಕರೆದಾಗ ಬಂದವನು ಅಭ್ಯಾಗತ; ಇಬ್ಬರನ್ನೂ ಆದರಿಸುವುದು ಗೃಹಸ್ಥನ ಧರ್ಮ ಎಂದು ನಾವು ತಿಳಿದುಕೊಂಡಿದ್ದೆವು. ನಮ್ಮ ಕಾಲದಲ್ಲಿ ಮೂರನೆಯ ಬಗೆಯವನೊಬ್ಬ ಹುಟ್ಟಿದ್ದಾನೆ. ಅವನು ಬರುವ ದಿನವೂ ಹೊರಡುವ ಗಂಟೆಯೂ ತಿಂಗಳುಗಳ ಮೊದಲೇ ನಿಶ್ಚಯವಾಗಿರುತ್ತವೆ. ಮುಂಗಡ ಹಣ ಸಂದಾಯವಾಗಿರುತ್ತದೆ. ಹೊರಡುವ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅವನು ಕೋಣೆಯನ್ನು ತೆರವು ಮಾಡದಿದ್ದರೆ ಇನ್ನೊಂದು ದಿನದ ಬಾಡಿಗೆ ಲೆಕ್ಕಕ್ಕೆ ಸೇರುತ್ತದೆ. ಹೀಗೆ ತಿಥಿಯಿಂದಲೇ ಕಟ್ಟುವಡೆದವನನ್ನೂ ಹೋಟೆಲಿನ ಭಾಷೆ ಅತಿಥಿ ಎಂದೇ ಕರೆಯುತ್ತದೆ. ಗಿರಾಕಿ ಎನ್ನಲು ಅದಕ್ಕೆ ಸಂಕೋಚ.

ಈ ಮೂರನೆಯ ಬಗೆಯ ಅತಿಥಿಯನ್ನು ಅವನ ಪೂರ್ಣರೂಪದಲ್ಲಿ ಕಾಣಬೇಕಾದರೆ ಉಷ್ಣವಲಯದ ಕಡಲ ದಂಡೆಯ ವಿಹಾರಧಾಮಕ್ಕೆ, ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಹೇಳುವುದಾದರೆ ರೆಸಾರ್ಟಿಗೆ, ಹೋಗಬೇಕು. ಅಲ್ಲಿ ಅವನಿಗೆ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ. ನನ್ನ ಮುಖ್ಯ ಉದಾಹರಣೆ ಮಾಲ್ಡೀವ್ಸ್ ದ್ವೀಪಗಳು. ಬೆಂಗಳೂರಿನಿಂದ ವಿಮಾನದಲ್ಲಿ ಅದು ಸುಮಾರು ಎರಡು ಗಂಟೆಯ ದಾರಿ. ಆದರೆ ಅಲ್ಲಿಗೆ ಹೋಗುವ ಮೊದಲು, ಆ ದ್ವೀಪಗಳನ್ನೂ ನಮ್ಮ ಹೊನ್ನಾವರವನ್ನೂ ಕಂಡಿದ್ದ ಒಬ್ಬ ಹಳೆಯ ಅತಿಥಿಯನ್ನು ನೆನೆಯಬೇಕು.

ಮೊರಾಕ್ಕೋ ದೇಶದ ಟಾಂಜಿಯರಿನಲ್ಲಿ ಹುಟ್ಟಿದ ಇಬ್ನ್ ಬತೂತ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಕೈಕೆಳಗೆ ಕಾಜಿಯಾಗಿದ್ದು, ಚೀನಕ್ಕೆ ರಾಯಭಾರಿಯಾಗಿ ಹೊರಟವನು. 1340ರ ದಶಕದ ಆರಂಭದಲ್ಲಿ ಅವನು ಹೊನ್ನಾವರದಲ್ಲಿ ತಂಗಿದ. ಅಲ್ಲಿಯ ಸುಲ್ತಾನನ ಮನೆಯ ಊಟವನ್ನು ಅವನು ವರ್ಣಿಸಿರುವ ರೀತಿ ಇಂದಿಗೂ ಬಾಯಲ್ಲಿ ನೀರೂರಿಸುವಂಥದು. ತಾಮ್ರದ ಸೌಟಿನಿಂದ ಬಡಿಸಿದ ಅನ್ನ, ಅದರ ಮೇಲೆ ತುಪ್ಪ, ಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಮತ್ತೆ ಅನ್ನ, ಮತ್ತೊಂದು ವ್ಯಂಜನ, ಕೊನೆಗೆ ಮೊಸರು. ತಿಂಗಳುಗಟ್ಟಲೆ ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡದ್ದನ್ನೂ ಅವನು ಬರೆದಿದ್ದಾನೆ. ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು, ಗಂಡುಮಕ್ಕಳಿಗಾಗಿ ಇಪ್ಪತ್ತಮೂರು ಪಾಠಶಾಲೆಗಳಿದ್ದುದನ್ನು ಎಣಿಸಿ ಹೇಳಿದ್ದಾನೆ. ಊಟದೊಡನೆ ಊರನ್ನೂ ಕಂಡ ಅತಿಥಿ ಅವನು.

ಅಲ್ಲಿಂದ ಮುಂದೆ ಕಲ್ಲಿಕೋಟೆಯಲ್ಲಿ ಹಡಗುಗಳು ನಷ್ಟವಾಗಿ, ಅವನು ಮಾಲ್ಡೀವ್ಸ್ ತಲುಪಿದ. ಅಲ್ಲಿಯ ಒಂದು ಪದ್ಧತಿ ಅವನ ಮನಸ್ಸನ್ನು ಸೆಳೆಯಿತು. ಹಡಗು ಬಂತೆಂದರೆ ದ್ವೀಪದವರು ಚಿಕ್ಕ ದೋಣಿಗಳಲ್ಲಿ ಎದುರು ಹೋಗುವರು. ಕೈಯಲ್ಲಿ ವೀಳ್ಯದೆಲೆ ಮತ್ತು ಎಳನೀರು. ಹಡಗಿನಲ್ಲಿರುವವರ ಪೈಕಿ ತಮಗೆ ಮನಸ್ಸು ಬಂದವನಿಗೆ ಅದನ್ನು ಕೊಡುವರು. ಎಳನೀರು ಪಡೆದವನು ಕೊಟ್ಟವನ ಅತಿಥಿಯಾದ. ತನ್ನ ಸಾಮಾನನ್ನೆಲ್ಲ ಅವನ ಮನೆಗೆ ಸಾಗಿಸಿ ನೆಂಟನಂತೆ ಇರುವನು. ಮನೆಯ ಬಾಗಿಲಲ್ಲಿ ನೀರಿನ ಗುಡಾಣ, ಕರಟದ ಸೌಟು. ಕಾಲು ತೊಳೆದು, ಅಲ್ಲೇ ಹಾಸಿದ ಒರಟು ಚಾಪೆಗೆ ಒರೆಸಿ ಒಳಗೆ ಹೋಗುವುದು ಅಲ್ಲಿಯ ಕ್ರಮ. ಬಂದವರಿಗೆ ಕಾಲಿಗೆ ನೀರು, ಕೈಗೆ ಬೆಲ್ಲ ಕೊಟ್ಟು ಉಪಚರಿಸುವ ನಮ್ಮ ಕರಾವಳಿಯವರಿಗೆ ಇದು ಹೊಸದೆನಿಸದು. ಎಳನೀರಿಗೆ ಅವನು ಬರೆದಿಟ್ಟಿರುವ ಸ್ಥಳೀಯ ಹೆಸರು ದಿವೇಹಿ ಭಾಷೆಯಲ್ಲಿ ಇಂದೂ ಬಳಕೆಯಲ್ಲಿದೆ: ಕುರುಂಬ.

ಈ ಆತಿಥ್ಯದಲ್ಲಿ ತೊಡಕೂ ಇತ್ತು. ದ್ವೀಪಗಳಿಗೆ ಕಾಜಿಯೊಬ್ಬ ಬೇಕಾಗಿದ್ದುದರಿಂದ ಬತೂತನನ್ನು ಅವರು ಸುಲಭವಾಗಿ ಬಿಟ್ಟುಕೊಡಲಿಲ್ಲ. ಅವನು ಅಲ್ಲಿ ಕಾಜಿಯಾದ, ಮದುವೆಗಳನ್ನು ಮಾಡಿಕೊಂಡ, ವಜೀರನೊಡನೆ ಮನಸ್ತಾಪ ಬೆಳೆಸಿಕೊಂಡ. 1344ರಲ್ಲಿ ಹೊರಟು ಹೋದ. ತಿಥಿಯಿಲ್ಲದ ಅತಿಥಿಯಾಗುವುದೆಂದರೆ ಮನೆಯವರ ಪ್ರೀತಿಗೂ ಜಗಳಕ್ಕೂ ಪಾಲುದಾರನಾಗುವುದು ಎಂಬುದಕ್ಕೆ ಅವನ ಬರಹವೇ ಸಾಕ್ಷಿ.

ಈಗ ಆರುನೂರು ವರ್ಷಕ್ಕೂ ಮುಂದಕ್ಕೆ ಬರೋಣ. 1972ರ ಮೊದಲಿಗೆ ಇಟಲಿಯಿಂದ ಪ್ರವಾಸಿಗಳ ಒಂದು ಸಣ್ಣ ಗುಂಪು ಮಾಲ್ಡೀವ್ಸಿಗೆ ಬಂದಿತು. ಅದೇ ವರ್ಷ ರಾಜಧಾನಿ ಮಾಲೆಯ ಸಮೀಪದ ಒಂದು ನಿರ್ಜನ ದ್ವೀಪದಲ್ಲಿ ಆ ದೇಶದ ಮೊದಲ ರೆಸಾರ್ಟ್ ಆರಂಭವಾಯಿತು. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು, ಮೂವತ್ತು ಕೋಣೆಗಳು. ಹೊರಜಗತ್ತಿನ ಸಂಪರ್ಕ ಅತ್ಯಲ್ಪ. ಅದಕ್ಕಿಟ್ಟ ಹೆಸರು ಕುರುಂಬ. ಹಿಂದೆ ಒಬ್ಬ ಮನೆಯವನು ಒಬ್ಬ ಪರದೇಶಿಯ ಕೈಗಿತ್ತು, ‘ನೀನು ನನ್ನವನು’ ಎಂದು ಸೂಚಿಸುತ್ತಿದ್ದ ಎಳನೀರೇ ಹೋಟೆಲಿನ ಹೆಸರಾಯಿತು. ಈ ಹೆಸರಿನ ಆಯ್ಕೆ ಬಹು ಉಚಿತವಾದದ್ದು. ಆದರೆ ಅಂದಿನಿಂದ ಎಳನೀರಿನ ಅರ್ಥವೂ ಬದಲಾಗತೊಡಗಿತು.

ಮಾಲ್ಡೀವ್ಸಿನಲ್ಲಿ ಸುಮಾರು 1,200 ಹವಳದ ದ್ವೀಪಗಳಿವೆ. ಅವುಗಳಲ್ಲಿ ಜನವಸತಿಯಿರುವವು ಇನ್ನೂರಕ್ಕೂ ಕಡಿಮೆ. ಉಳಿದ ನಿರ್ಜನ ದ್ವೀಪಗಳಿಂದ ಒಂದೊಂದನ್ನು ಆರಿಸಿ, ಒಂದು ದ್ವೀಪಕ್ಕೆ ಒಂದೇ ಹೋಟೆಲಿನಂತೆ ಗುತ್ತಿಗೆಗೆ ಕೊಡುವುದು ಅಲ್ಲಿಯ ಪದ್ಧತಿಯಾಯಿತು. ಆರಂಭದ ವರ್ಷಗಳಲ್ಲಿ ಊರಿನ ಮನೆಗಳಲ್ಲಿ ತಂಗುವ ಪ್ರವಾಸಿಗಳೂ ಇದ್ದರು. 1980ರ ದಶಕದಲ್ಲಿ ಅದಕ್ಕೆ ತಡೆ ಬಿತ್ತು. ಇದರ ಹಿಂದೆ ಒಂದು ವಿವೇಕವಿತ್ತೆಂಬುದನ್ನು ಮರೆಯಬಾರದು. ಅದು ಇಸ್ಲಾಮೀ ಸಮಾಜ. ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷಿದ್ಧ. ಅರೆಬಟ್ಟೆಯ ವಿಹಾರಕ್ಕೂ ಪಾನಕ್ಕೂ ಬೇರೆ ದ್ವೀಪವನ್ನು ಮೀಸಲಿಟ್ಟರೆ ಹಣವೂ ಬರುತ್ತದೆ, ಊರಿನ ಮರ್ಯಾದೆಯೂ ಉಳಿಯುತ್ತದೆ ಎಂಬುದು ಆಳುವವರ ಲೆಕ್ಕ. ಮೀನು ಮತ್ತು ತೆಂಗಿನ ಹೊರತು ಹೆಚ್ಚಿನ ಸಂಪತ್ತಿಲ್ಲದ ನಾಡು ಈ ಲೆಕ್ಕದಿಂದ ಶಾಲೆ, ಆಸ್ಪತ್ರೆಗಳನ್ನು ಕಟ್ಟಿಕೊಂಡದ್ದೂ ನಿಜ. ಇಂದು ಅಲ್ಲಿ ನೂರೈವತ್ತಕ್ಕೂ ಹೆಚ್ಚು ಇಂಥ ದ್ವೀಪಗಳಿವೆ.

ಹಾಗಾದರೆ ಅತಿಥಿಯ ಅನುಭವ ಹೇಗಿರುತ್ತದೆ? ಅದರ ಸುಖವನ್ನು ಅಲ್ಲಗಳೆದು ಮಾತನಾಡುವುದು ಪ್ರಾಮಾಣಿಕವಾಗದು. ನಾನೂ ಒಂದು ದ್ವೀಪದಲ್ಲಿ ಐದು ದಿನ ಇದ್ದು ಬಂದವನು. ಮುಂಜಾನೆ ಹವಳದ ಒಡ್ಡಿನೊಳಗೆ ನೀರು ನಿಶ್ಚಲವಾಗಿ, ತಳದ ಮರಳಿನ ಸುಕ್ಕುಗಳೂ ಎಣಿಸುವಷ್ಟು ತಿಳಿಯಾಗಿರುತ್ತದೆ. ಒಡ್ಡಿನ ಅಂಚಿನಲ್ಲಿ ಮುಖ ಮುಳುಗಿಸಿದರೆ ಕಾಲ ಕೆಳಗೆ ಇನ್ನೊಂದು ಲೋಕ ತೆರೆಯುತ್ತದೆ. ವಾಹನದ ಸದ್ದಿಲ್ಲ. ಚಪ್ಪಲಿಯ ಅಗತ್ಯವಿಲ್ಲ. ಕಟ್ಟಡಗಳು ತೆಂಗಿನ ತಲೆಯನ್ನು ಮೀರದಂತೆ ತಗ್ಗಾಗಿ ಕುಳಿತಿವೆ. ವರ್ಷವಿಡೀ ದುಡಿದು ದಣಿದ ಜೀವಕ್ಕೆ ಮೊದಲ ದಿನ ಇದು ಸ್ವರ್ಗವೆನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಡಿಯಾರ ಕೂಡ ಅತಿಥಿಯ ಸೇವೆಗೆ ನಿಂತಿರುತ್ತದೆ. ಅನೇಕ ರೆಸಾರ್ಟುಗಳು ತಮ್ಮ ಗಡಿಯಾರವನ್ನು ಮಾಲೆಯ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿಟ್ಟುಕೊಂಡಿವೆ. ಸಂಜೆಯ ಬೆಳಕು ಅತಿಥಿಗೆ ಇನ್ನೊಂದು ಗಂಟೆ ದಕ್ಕಲಿ ಎಂಬುದು ಉದ್ದೇಶ. ಹೀಗೆ, ಪಕ್ಕದ ದ್ವೀಪದಲ್ಲಿ ಬೆಸ್ತನೊಬ್ಬನಿಗೆ ಐದು ಗಂಟೆಯಾಗಿರುವಾಗ ನಮಗೆ ಆರು ಗಂಟೆ. ಒಂದೇ ಕಡಲು, ಒಂದೇ ಸೂರ್ಯ, ಎರಡು ಕಾಲ.

ಎರಡನೆಯ ದಿನವೂ ಸೊಗಸೇ. ಮೂರನೆಯ ದಿನ ಮಾತ್ರ ಮನಸ್ಸು ಒಂದು ವಿಚಿತ್ರ ಸ್ಥಿತಿಗೆ ಬರುತ್ತದೆ. ದ್ವೀಪವನ್ನು ಒಂದು ಸುತ್ತು ಬರಲು ಹದಿನೈದು ನಿಮಿಷ ಸಾಕು; ಆ ಸುತ್ತನ್ನು ನಾವು ಹತ್ತು ಬಾರಿ ಹಾಕಿಯಾಗಿದೆ. ಎದುರಾಗುವವರೆಲ್ಲ ನಮ್ಮಂತೆಯೇ ಬಂದವರು. ಕೇಳಲು ಒಂದು ಕತೆಯಿಲ್ಲ, ನೋಡಲು ಒಂದು ಅಂಗಡಿಬೀದಿಯಿಲ್ಲ, ಮಗುವಿನ ಅಳುವಿಲ್ಲ, ಮುದುಕರ ಕೆಮ್ಮಿಲ್ಲ. ಆಗ ಅತಿಥಿ ಸಣ್ಣಸಣ್ಣ ಕೊರತೆಗಳನ್ನು ಹುಡುಕತೊಡಗುತ್ತಾನೆ. ಚಹಾ ಆರಿತ್ತು, ದಿಂಬು ಗಟ್ಟಿಯಾಗಿದೆ, ರಾತ್ರಿ ಅಲೆಗಳ ಸದ್ದಿಗೆ ನಿದ್ದೆ ಬರಲಿಲ್ಲ. ಕಡಲಿನ ಮೇಲೆಯೇ ದೂರು ಕೊಡುವ ಅತಿಥಿಯನ್ನು ಕಂಡು ನಾವು ನಗಬಹುದು. ಆದರೆ ಅದು ಬರಿಯ ದುರಾಸೆಯಲ್ಲ. ಹಣಕ್ಕೆ ಸಿಗುವುದೆಲ್ಲ ಅವನಿಗೆ ಸಿಕ್ಕಿದೆ. ಹಣ ಕೊಟ್ಟರೂ ಸಿಗದ ಏನೋ ಒಂದರ ಅಭಾವವನ್ನು ಅವನು ದಿಂಬಿನ ಮೇಲೆ, ಚಹಾದ ಮೇಲೆ ಹೊರಿಸುತ್ತಿದ್ದಾನೆ.

ಆ ಅಭಾವದ ಹೆಸರು ನನಗೆ ತಿಳಿದದ್ದು ದೋಣಿಕಟ್ಟೆಯಲ್ಲಿ ಎಳನೀರು ಕೊಟ್ಟು ನಮ್ಮನ್ನು ಎದುರುಗೊಂಡಿದ್ದ ಒಬ್ಬ ತರುಣನಿಂದ. ನಾವು ಕನ್ನಡದಲ್ಲಿ ಮಾತನಾಡುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ನಾಲ್ಕನೆಯ ದಿನ ಸಂಜೆ ಹತ್ತಿರ ಬಂದು, ಮೆಲ್ಲನೆ, “ನಿಮ್ಗೆ ಊರೆಲ್ಲಾಯ್ತು ಸಾರ್?” ಎಂದ. ಅವನು ಬೈಂದೂರಿನ ಕಡೆಯವನು. ತಂದೆ ರಂಪಣಿ ಎಳೆದವರಂತೆ. ಊರು, ಮಳೆ, ಬೇಸಗೆಯ ಯಕ್ಷಗಾನ ಮೇಳ ಎಂದು ಹತ್ತು ನಿಮಿಷ ಮಾತನಾಡಿದೆವು. ಆಮೇಲೆ ಅವನು ನಗುತ್ತ, “ನಾನು ದಿನಾ ದೋಣಿ ಬಂದಾಗ ‘ನಮ್ಮ ದ್ವೀಪಕ್ಕೆ ಸ್ವಾಗತ’ ಅಂತ ಹೇಳ್ತೇನೆ ಸಾರ್. ಇದು ನನ್ನ ದ್ವೀಪ ಅಲ್ಲ. ಅಡುಗೆಯವರು ಶ್ರೀಲಂಕಾದವರು, ತೋಟದವರು ಬಾಂಗ್ಲಾದವರು. ಇಲ್ಲಿಯವರು ಅಂತ ಹೇಳಲಿಕ್ಕೆ ಇಲ್ಲಿ ಯಾರೂ ಹುಟ್ಟಿದವರೇ ಇಲ್ಲ” ಎಂದ. ಆ ಐದು ದಿನಗಳಲ್ಲಿ ನನಗೆ ಅತಿಥಿಯೆನಿಸಿದ್ದು ಆ ಹತ್ತು ನಿಮಿಷ ಮಾತ್ರ.

ಇದೇ ಈ ವ್ಯವಸ್ಥೆಯ ಮರ್ಮ. ಅಲ್ಲಿ ಸೇವೆಯಿದೆ, ಮನೆಯವರಿಲ್ಲ. ಸ್ವಾಗತ ಹೇಳುವವನೂ ಪರದೇಶಿ, ಹೇಳಿಸಿಕೊಳ್ಳುವವನೂ ಪರದೇಶಿ. ಅದೇ ಎಳನೀರು, ಬಾಗಿಲಲ್ಲಿ ಕಾಲು ತೊಳೆಯಲು ಅದೇ ಮಡಕೆ, ಅದೇ ಕರಟದ ಸೌಟು, ಎಲ್ಲವೂ ಉಳಿದಿವೆ. ಆದರೆ ಎಳನೀರು ಕೊಟ್ಟವನ ಮನೆ ಎಲ್ಲಿ ಎಂದು ಕೇಳಿದರೆ ಉತ್ತರ ಸಾವಿರ ಮೈಲಿ ದೂರದಲ್ಲಿದೆ.

ಈ ಸುಖದ ಯಂತ್ರ ನಡೆಯುವ ಬಗೆಯನ್ನೂ ಸ್ವಲ್ಪ ತಿಳಿಯಬೇಕು. ಹವಳದ ದ್ವೀಪದ ನೆಲದಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಒಂದಿಷ್ಟು ಹೆಚ್ಚು ಎತ್ತಿದರೆ ಬಾವಿ ಉಪ್ಪಾಗುತ್ತದೆ. ಆದ್ದರಿಂದ ಅತಿಥಿಗಳ ಸ್ನಾನಕ್ಕೂ ಈಜುಕೊಳಕ್ಕೂ ಕಡಲಿನ ನೀರಿನಿಂದ ಉಪ್ಪು ತೆಗೆಯುವ ಯಂತ್ರಗಳು ಬೇಕು. ಆ ಯಂತ್ರಗಳಿಗೆ ವಿದ್ಯುತ್ತು ಬೇಕು. ವಿದ್ಯುತ್ತಿನ ಬಹುಪಾಲು ಡೀಸೆಲಿನಿಂದ ಹುಟ್ಟುತ್ತದೆ. ಡೀಸೆಲು ಹಡಗಿನಲ್ಲಿ ಬರಬೇಕು. ಅಕ್ಕಿ, ತರಕಾರಿ, ಹಾಲು ಹೊರಗಿನಿಂದಲೇ. ಕಸ ಹೋಗಬೇಕಾದದ್ದೂ ಹೊರಗೇ: 1990ರ ದಶಕದ ಆರಂಭದಿಂದ ಮಾಲೆಯ ಸಮೀಪದ ತಿಲಫುಶಿಯಲ್ಲಿ ಕಡಲನ್ನು ಕಸದಿಂದ ತುಂಬಿ ಒಂದು ದ್ವೀಪವನ್ನೇ ಬೆಳೆಸಲಾಯಿತು. ಇದಾವುದೂ ಅತಿಥಿಯ ಕಣ್ಣಿಗೆ ಬೀಳುವುದಿಲ್ಲ. ಯಂತ್ರಗಳ ಮನೆಯೂ ಕೆಲಸಗಾರರ ವಸತಿಯೂ ದ್ವೀಪದ ನಡುವೆ ದಟ್ಟವಾದ ಗಿಡಮರಗಳ ಮರೆಯಲ್ಲಿರುತ್ತವೆ. ಮಾಲ್ಡೀವ್ಸಿನ ಕೆಲಸಗಾರರು ಇಲ್ಲವೆಂದಲ್ಲ. ಅವರೂ ತಮ್ಮ ಊರಿನ ದ್ವೀಪವನ್ನು ಬಿಟ್ಟು, ಹೆಂಡತಿ ಮಕ್ಕಳಿಂದ ದೂರವಾಗಿ ತಿಂಗಳುಗಳ ಕಾಲ ಇಲ್ಲಿರುತ್ತಾರೆ. ಅಲ್ಲಿಯ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವುದು ಬಹಳ ಕಡಿಮೆ.

ಮನೆಯವರಿಲ್ಲದ ಈ ಮನೆಯ ನಿಜಸ್ವರೂಪ 2020ರಲ್ಲಿ ಬಯಲಾಯಿತು. ಆ ವರ್ಷದ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭಯದಿಂದ ದೇಶದೇಶಗಳು ಬಾಗಿಲು ಮುಚ್ಚಿದಾಗ, ಮಾಲ್ಡೀವ್ಸಿಗೆ ಕೆಲವೇ ದಿನಗಳ ವಿಹಾರಕ್ಕೆಂದು ಬಂದ ನವವಿವಾಹಿತರ ಒಂದು ಜೋಡಿ ಅಲ್ಲೇ ಉಳಿಯಬೇಕಾಗಿ ಬಂದ ಸಂಗತಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಉಳಿದವರೆಲ್ಲ ಹೊರಟು ಹೋಗಿ, ಇಡೀ ರೆಸಾರ್ಟಿಗೆ ಇವರಿಬ್ಬರೇ ಅತಿಥಿಗಳು. ಅಡುಗೆಯವರು, ಬಡಿಸುವವರು, ಕೋಣೆ ಗುಡಿಸುವವರು ಎಲ್ಲರ ಗಮನವೂ ಈ ಇಬ್ಬರ ಮೇಲೆಯೇ. ಜಾಹೀರಾತುಗಳು ಆಶೆ ತೋರಿಸುವ ಏಕಾಂತ ಇದಕ್ಕಿಂತ ಪರಿಪೂರ್ಣವಾಗಿ ಯಾರಿಗೆ ದೊರೆತೀತು? ಆದರೂ ಆ ಜೋಡಿ ಬೇಡುತ್ತಿದ್ದುದು ಊರಿಗೆ ಮರಳುವ ದಾರಿಯನ್ನು. ಸೇವೆಗೆ ನಿಂತವರೂ ದ್ವೀಪ ಬಿಟ್ಟು ಹೊರಡುವಂತಿರಲಿಲ್ಲ. ತಿಥಿ ಅಳಿಸಿಹೋದ ಮೇಲೆ ಅತಿಥಿಯೂ ಆತಿಥೇಯನೂ ಒಂದೇ ದ್ವೀಪದ ಬಂದಿಗಳಾಗಿ ಪರಸ್ಪರ ಮುಖ ನೋಡುವಂತಾಯಿತು.

ಹಾಗೆಂದು ಊರಿನೊಳಗೆ ಅತಿಥಿಯನ್ನು ಕರೆದುಕೊಂಡರೆ ಎಲ್ಲವೂ ಸರಿಯಾಗುತ್ತದೆಯೆ? ಮಾಲ್ಡೀವ್ಸ್ ಆ ಪರೀಕ್ಷೆಯನ್ನೂ ಮಾಡಿದೆ. 2009-10ರ ಹೊತ್ತಿಗೆ ಜನವಸತಿಯ ದ್ವೀಪಗಳಲ್ಲಿ ವಸತಿಗೃಹಗಳನ್ನು ನಡೆಸಲು ಮತ್ತೆ ಅನುಮತಿ ದೊರೆಯಿತು. ಮಾಫುಶಿ ಎಂಬ ದ್ವೀಪ ಇದರಲ್ಲಿ ಮುಂದಾಯಿತು. ಸಾಮಾನ್ಯ ಉಳಿತಾಯದವನೂ ಅಲ್ಲಿಗೆ ಹೋಗುವಂತಾಯಿತು. ದೊಡ್ಡ ಕಂಪನಿಗಳಿಗೆ ಮಾತ್ರ ಸೇರುತ್ತಿದ್ದ ಹಣದಲ್ಲಿ ಒಂದು ಪಾಲು ದ್ವೀಪದ ಮನೆಗಳಿಗೆ ಬಂತು. ಅತಿಥಿ ಮಸೀದಿಯ ಬಾಂಗು ಕೇಳುತ್ತಾನೆ, ಶಾಲೆ ಬಿಟ್ಟ ಮಕ್ಕಳನ್ನು ನೋಡುತ್ತಾನೆ. ಅದರ ಜೊತೆಗೆ ಇಕ್ಕಟ್ಟು, ಬೆಲೆಯೇರಿಕೆ, ಉಡುಗೆಯ ವಿಷಯದ ಮುಜುಗರ ಇವೂ ಬಂದವು. ಈಜುಡುಗೆಯವರಿಗಾಗಿ ದಂಡೆಯ ಒಂದು ಭಾಗವನ್ನು ಮರೆಕಟ್ಟಿ ಬೇರೆಯಿಡಬೇಕಾಯಿತು. ಬತೂತನ ಕಾಲದಂತೆಯೇ ಇಲ್ಲಿಯೂ ಪ್ರೀತಿಯ ಜೊತೆಗೆ ಜಗಳವಿದೆ. ಆದರೆ ಜಗಳವಾಡಲು ಅಲ್ಲಿ ಮನೆಯವನಿದ್ದಾನೆ. ‘ಇದು ನನ್ನ ದಂಡೆ, ಹೀಗೆ ನಡೆದುಕೊ’ ಎಂದು ಹೇಳುವ ಅಧಿಕಾರವುಳ್ಳವನಿದ್ದಾನೆ. ಅತಿಥಿಗೆ ಇದರಿಂದ ನಷ್ಟವಿಲ್ಲ ಎಂದೇ ನನ್ನ ಭಾವನೆ. ಯಾರ ಮನೆಯಲ್ಲಿ ಇದ್ದೇವೆಂದು ತಿಳಿದಾಗಲೇ ನಾವು ಮರ್ಯಾದೆಯಿಂದ ಕೂರುತ್ತೇವೆ, ಮನಸ್ಸಿಟ್ಟು ಉಣ್ಣುತ್ತೇವೆ.

ನಾನು ಇಷ್ಟು ದೂರದ ಮಾತನ್ನು ಎತ್ತಿದ್ದು ನಮ್ಮ ದಂಡೆಯ ಸಲುವಾಗಿ. ಕಾರವಾರದಿಂದ ಉಳ್ಳಾಲದವರೆಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ನಮ್ಮ ಕರಾವಳಿಯಲ್ಲಿ ನಿರ್ಜನ ದಂಡೆಯೆಂಬುದು ಬಹಳ ಅಪರೂಪ. ದೂರದಿಂದ ಬಂದವನಿಗೆ ಖಾಲಿ ಮರಳಾಗಿ ಕಾಣುವುದು ಊರಿನವರಿಗೆ ಅಂಗಳ. ಅಲ್ಲಿ ದೋಣಿ ಎಳೆದಿಡಬೇಕು, ಬಲೆ ಹರವಬೇಕು, ಮೀನು ಒಣಗಿಸಬೇಕು. ರಂಪಣಿ ಬಲೆಯನ್ನೇ ನೋಡಿ: ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಎರಡು ತುದಿಗಳನ್ನು ದಂಡೆಯಿಂದ ಹತ್ತಾರು ಜನ ಸೇರಿ ಎಳೆಯಬೇಕಾದರೆ ತಡೆಯಿಲ್ಲದ ಉದ್ದನೆಯ ದಂಡೆ ಬೇಕು. 1970ರ ದಶಕದ ನಡುವಿನಿಂದ ಪರ್ಸೀನ್ ದೋಣಿಗಳು ಬಂದು ದೊಡ್ಡ ರಂಪಣಿಗಳು ಮರೆಯಾದವು. ಕೈರಂಪಣಿಗಳು ಅಲ್ಲಲ್ಲಿ ಉಳಿದಿವೆ. ದಂಡೆಗೆ ಬೇಲಿ ಬಿದ್ದರೆ ಅವೂ ಉಳಿಯಲಾರವು.

ಕಾನೂನಿನ ಆಸರೆ ಇಲ್ಲದಿಲ್ಲ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ಗೆರೆಯಿಂದ 500 ಮೀಟರ್ ದೂರದವರೆಗಿನ ದಂಡೆಯನ್ನು ಕಾಪಾಡಬೇಕೆಂದು ಸೂಚಿಸಿದ್ದರು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅದಕ್ಕೆ ನಿಯಮದ ರೂಪ ಕೊಟ್ಟಿತು. ಆದರೆ 2019ರ ಹೊಸ ಅಧಿಸೂಚನೆ, ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಭಾಗಗಳಲ್ಲಿ ಕಟ್ಟಡಗಳಿಗೆ ಅವಕಾಶವಿಲ್ಲದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಕಟ್ಟುವವರ ವಿವೇಕವೂ ಇಲ್ಲಿ ಮುಖ್ಯ. ಕೇರಳದ ಕೋವಳಂನಲ್ಲಿ 1970ರ ದಶಕದ ಆರಂಭದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಸರ್ಕಾರಿ ಹೋಟೆಲನ್ನು ರೂಪಿಸಿದಾಗ, ಕೋಣೆಗಳನ್ನು ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಹುದುಗಿಸಿದರು. ಪ್ರತಿ ಕೋಣೆಗೂ ಕಡಲು ಕಾಣಿಸಬೇಕೆಂದರೆ ದಂಡೆಯನ್ನು ಆಕ್ರಮಿಸಲೇಬೇಕೆಂದಿಲ್ಲ ಎಂಬುದನ್ನು ಅವರು ಕಲ್ಲಿನಲ್ಲಿ ತೋರಿಸಿಕೊಟ್ಟರು.

2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಯ ದಂಡೆಗಳು ಶುಚಿತ್ವಕ್ಕಾಗಿ ನೀಲಿ ಬಾವುಟದ ಮನ್ನಣೆ ಪಡೆದವು. ಬರುವವರು ಇನ್ನು ಹೆಚ್ಚುತ್ತಾರೆ, ಹೋಟೆಲುಗಳೂ ಹೆಚ್ಚುತ್ತವೆ. ಬೇಡವೆನ್ನಲು ಕಾರಣವಿಲ್ಲ, ಬೈಂದೂರಿನ ತರುಣನಿಗೆ ಊರಿನಲ್ಲೇ ಒಂದು ಕೆಲಸ ಸಿಗುವುದಾದರೆ ಅದಕ್ಕಿಂತ ಸಂತೋಷ ಬೇರೆಯಿಲ್ಲ. ನಾವು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಊರಿನವರು ಕಡಲಿಗೆ ಇಳಿಯುವ ಹಳೆಯ ದಾರಿ ತೆರೆದಿದೆಯೆ? ಬಲೆ ಹರವುವ ಜಾಗ ಉಳಿದಿದೆಯೆ? ಊಟದ ಮೇಜಿನ ಮೀನು ಎದುರಿನ ದೋಣಿಯಿಂದ ಬಂದುದೆ? ಬಡಿಸುವವನು ರಾತ್ರಿ ತನ್ನ ಮನೆಗೆ ಹೋಗಿ ಮಲಗಬಲ್ಲನೆ? ಈ ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬರುವ ಕಡೆಯಲ್ಲಿ, ಬಾಡಿಗೆ ಕೊಟ್ಟು ಬಂದವನೂ ಒಂದೆರಡು ದಿನದ ಮಟ್ಟಿಗೆ ಅತಿಥಿಯಾಗಬಲ್ಲ.

ಆರುನೂರು ವರ್ಷಗಳ ಹಿಂದೆ ಹೊನ್ನಾವರದಲ್ಲಿ ಉಂಡ ಒಬ್ಬ ಪರದೇಶಿ, ಉಪ್ಪಿನಕಾಯಿಯ ಬಗೆಗಳನ್ನೂ ಪಾಠಶಾಲೆಗಳ ಸಂಖ್ಯೆಯನ್ನೂ ನೆನಪಿಟ್ಟುಕೊಂಡು ಹೋದ. ಇಂದು ನಮ್ಮ ದಂಡೆಗೆ ಬಂದು ಹೋಗುವವನು ಏನನ್ನು ನೆನಪಿಟ್ಟುಕೊಂಡು ಹೋಗಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ಹೋಟೆಲಿನವರು ಮಾತ್ರವಲ್ಲ. ದಂಡೆಯ ಮನೆಯವರಾದ ನಾವು.